ಟಿಬೆಟಿಯನ್ ನಿವಾಸಿಗಳ ನೋಂದಣಿ ಮತ್ತು ಪೌರತ್ವ: 2025ರ ಅಧಿನಿಯಮದ ನಂತರ

ವಲಸೆ ಮತ್ತು ವಿದೇಶೀಯರ ಅಧಿನಿಯಮ, 2025 ದಿನಾಂಕ 1-9-2025ರಿಂದ ಜಾರಿಗೆ ಬಂದಿದ್ದು, 1946ರ ವಿದೇಶೀಯರ ಅಧಿನಿಯಮವೂ ಸೇರಿದಂತೆ ನಾಲ್ಕು ಹಳೆಯ ಕಾನೂನುಗಳು ರದ್ದಾಗಿವೆ. ಸಿಂಧುವಾದ ಪಾಸ್‌ಪೋರ್ಟ್ ಹಾಗೂ ವೀಸಾ ಇಲ್ಲದೆ ದೇಶ ಪ್ರವೇಶಿಸಿದವರಿಗೆ ಐದು ವರ್ಷಗಳವರೆಗೆ ಕಾರಾವಾಸ ಅಥವಾ ಐದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಬೈಲಕುಪ್ಪೆ, ಮುಂಡಗೋಡ, ಹುಣಸೂರು ಹಾಗೂ ಕೊಳ್ಳೇಗಾಲ ಭಾಗದ ಶಿಬಿರಗಳಲ್ಲಿ ನೆಲೆಸಿರುವ ಟಿಬೆಟಿಯನ್ನರಿಗೆ ಇದು ಅನ್ವಯಿಸುವುದೇ ಎಂಬ ಪ್ರಶ್ನೆ ಏಳುವುದು ಸಹಜ.

ಅಧಿನಿಯಮದೊಂದಿಗೇ ಹೊರಡಿಸಲಾದ ವಿನಾಯಿತಿ ಆದೇಶವು ಇದಕ್ಕೆ ಉತ್ತರ ನೀಡಿದೆ. 1959ರ ನಂತರ ಹಾಗೂ 30-5-2003ಕ್ಕೆ ಮುನ್ನ ಬಂದು, ನೋಂದಣಾಧಿಕಾರಿಯವರಲ್ಲಿ ನೋಂದಾಯಿಸಿಕೊಂಡ ಟಿಬೆಟಿಯನ್ನರಿಗೆ ಪಾಸ್‌ಪೋರ್ಟ್ ಮತ್ತು ವೀಸಾ ಷರತ್ತಿನಿಂದ ವಿನಾಯಿತಿ ಇದೆ. ಆದರೆ ಈ ರಕ್ಷಣೆ ನಿಂತಿರುವುದು ನೋಂದಣಿಯ ಮೇಲೆ. ಆದುದರಿಂದ ನೋಂದಣಿ ಪ್ರಮಾಣಪತ್ರವನ್ನು ಅದರಲ್ಲಿ ನಮೂದಿಸಿದ ಅವಧಿ ಮುಗಿಯುವ ಮುನ್ನವೇ ನವೀಕರಿಸಿಕೊಳ್ಳತಕ್ಕದ್ದು. ವಿನಾಯಿತಿಯೆಂದರೆ ಪೌರತ್ವವಲ್ಲ ಎಂಬುದನ್ನೂ ಅರ್ಜಿದಾರರು ಗಮನಿಸಬೇಕು.

ಪೌರತ್ವದ ದಾರಿ ಬೇರೆಯೇ ಆಗಿದೆ, ಮತ್ತು ಅನೇಕರು ಅದನ್ನು ಅರ್ಜಿ ಸಲ್ಲಿಸಿ ಪಡೆಯುವ ಅನುಗ್ರಹವೆಂದು ಭಾವಿಸುವುದು ಸರಿಯಲ್ಲ. ಪೌರತ್ವ ಅಧಿನಿಯಮ, 1955ರ 3ನೇ ಪ್ರಕರಣದಂತೆ 26-1-1950ರಂದು ಅಥವಾ ಆ ಬಳಿಕ, 1-7-1987ಕ್ಕೆ ಮುನ್ನ, ಭಾರತದಲ್ಲಿ ಜನಿಸಿದವರು ತಂದೆತಾಯಿಯರ ರಾಷ್ಟ್ರೀಯತೆ ಏನೇ ಇರಲಿ, ಜನ್ಮತಃ ಭಾರತೀಯ ಪೌರರು. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿವೆ. ಇದರ ಫಲ ಮುಂದಿನ ತಲೆಮಾರಿಗೂ ಸಲ್ಲುತ್ತದೆ. 1-7-1987ರಿಂದ 2-12-2004ರವರೆಗೆ ಇಲ್ಲಿ ಜನಿಸಿದವರಿಗೆ ತಂದೆ ಅಥವಾ ತಾಯಿ ಭಾರತೀಯ ಪೌರರಾಗಿದ್ದರೆ ಸಾಕು. ಉದಾಹರಣೆಗೆ, ತಂದೆ 1964ರಲ್ಲಿ ಬೈಲಕುಪ್ಪೆಯಲ್ಲಿ ಜನಿಸಿದ್ದು ಮಗಳು 1995ರಲ್ಲಿ ಅಲ್ಲಿಯೇ ಜನಿಸಿದ್ದರೆ ಇಬ್ಬರೂ ಪೌರರೇ. 3-12-2004ರಿಂದ ಜನಿಸಿದವರ ವಿಷಯದಲ್ಲಿ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ತೊಡಕು ಹೆಚ್ಚಾಗಿ ಬರುವುದು ದಾಖಲೆಯಲ್ಲಿ. ಪ್ರಮಾಣಪತ್ರದಲ್ಲಿ ಕೇವಲ 1987 ಎಂದು ಇಸವಿ ಬರೆದಿದ್ದರೆ ಜನನ ಜೂನ್‌ನಲ್ಲೋ ಜುಲೈನಲ್ಲೋ ಎಂಬುದೇ ನಿರ್ಣಾಯಕ. ತಾನು ವಿದೇಶೀಯನಲ್ಲವೆಂದು ರುಜುವಾತುಪಡಿಸುವ ಹೊಣೆ ಸಂಬಂಧಪಟ್ಟ ವ್ಯಕ್ತಿಯದೇ. ಜನನ ನೋಂದಣಿಯೇ ಆಗಿರದಿದ್ದಲ್ಲಿ ಜನನ ಮರಣ ನೋಂದಣಿ ಅಧಿನಿಯಮದಡಿ ದಂಡಾಧಿಕಾರಿಯವರ ಆದೇಶ ಪಡೆದು ವಿಳಂಬ ನೋಂದಣಿ ಮಾಡಿಸಿಕೊಳ್ಳಬಹುದು.

ಪಾಸ್‌ಪೋರ್ಟ್‌ಗೆ ಅರ್ಜಿ ಸಲ್ಲಿಸುವ ಮುನ್ನ ಇನ್ನೊಂದು ಅಂಶವನ್ನು ಕುಟುಂಬದಲ್ಲಿ ಚರ್ಚಿಸುವುದು ಒಳಿತು. 2017ರಲ್ಲಿ ಇಂತಹ ಅರ್ಜಿಗಳನ್ನು ಪರಿಗಣಿಸಲು ಸೂಚನೆ ಹೊರಟಾಗ, ನೋಂದಣಿ ಪ್ರಮಾಣಪತ್ರ ಹಾಗೂ ಗುರುತಿನ ಪ್ರಮಾಣಪತ್ರವನ್ನು ಒಪ್ಪಿಸಬೇಕು, ಟಿಬೆಟಿಯನ್ ಶಿಬಿರದಲ್ಲಿ ವಾಸವಿರಬಾರದು ಎಂಬ ಷರತ್ತುಗಳೂ ಬಂದವು. ಶಿಬಿರದ ಮನೆ, ಜಮೀನನ್ನೇ ನಂಬಿದ ವೃದ್ಧರಿಗೆ ಇದು ಸಣ್ಣ ಮಾತಲ್ಲ. ಪಾಸ್‌ಪೋರ್ಟ್ ಕೈಸೇರುವ ಮುನ್ನ ನೋಂದಣಿಯನ್ನು ಕೈಬಿಡಬಾರದು. ನವೀಕರಣಕ್ಕಾಗಿ ಆಯಾ ಜಿಲ್ಲೆಯ ವಿದೇಶೀಯರ ನೋಂದಣಾಧಿಕಾರಿಯವರನ್ನು, ಬೆಂಗಳೂರಿನಲ್ಲಿ ಪ್ರಾದೇಶಿಕ ನೋಂದಣಿ ಕಚೇರಿಯನ್ನು ಸಂಪರ್ಕಿಸತಕ್ಕದ್ದು.