ಪದಾಧಿಕಾರಿಗಳ ಕೋಟು, ಬ್ಯಾಡ್ಜ್ ಮತ್ತು ನಮ್ಮ ಸಹೋದರತೆ

ಜಮಾಅತಿನ ವಾರ್ಷಿಕ ಮಹಾಸಭೆಯಾಗಲಿ, ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮ ಅನಿವಾಸಿ ಸಂಘಟನೆಗಳ ಕುಟುಂಬ ಸಮ್ಮಿಲನವಾಗಲಿ, ಪೂರ್ವಸಿದ್ಧತಾ ಸಭೆಗಳಲ್ಲಿ ಹಲವೆಡೆ ಒಂದು ವಿಷಯ ದೀರ್ಘ ಚರ್ಚೆಗೆ ಬರುತ್ತಿದೆ. ಪದಾಧಿಕಾರಿಗಳೆಲ್ಲರೂ ಯಾವ ಬಣ್ಣದ ಕೋಟು ಧರಿಸಬೇಕು? ಬ್ಯಾಡ್ಜಿನ ಮೇಲೆ ಹುದ್ದೆಯನ್ನು ಯಾವ ಅಕ್ಷರದಲ್ಲಿ ಮುದ್ರಿಸಬೇಕು? ವಿದ್ಯಾರ್ಥಿವೇತನದ ಅರ್ಜಿಗಳ ವಿಷಯ ಬಂದಾಗ ಮಾತ್ರ ಸಮಯ ಮೀರಿರುತ್ತದೆ. ಇದು ಬಟ್ಟೆಯ ಪ್ರಶ್ನೆ ಮಾತ್ರವೆಂದು ನಾವು ಭಾವಿಸುವುದಿಲ್ಲ. ಸಂಘಟನೆ ಯಾರದು ಎಂಬ ಪ್ರಶ್ನೆ ಇದರೊಳಗೆ ಅಡಗಿದೆ.

ಸಂಘದ ಅಧಿಕಾರಿಗಳಿಗೆ ಪ್ರತ್ಯೇಕ ವೇಷಭೂಷಣವಿರಬೇಕೆಂಬ ಪದ್ಧತಿ ಜಗತ್ತಿನಲ್ಲಿ ಹಳೆಯದು. ಫ್ರೀಮೇಸನ್ ಲಾಡ್ಜ್‌ಗಳಲ್ಲಿ ಪ್ರತಿ ಅಧಿಕಾರಿಗೂ ಏಪ್ರನ್, ಕೊರಳಪಟ್ಟಿ ಮತ್ತು ಅದರಿಂದ ತೂಗುವ ಲಾಂಛನವಿರುತ್ತದೆ. ಮಾಸ್ಟರ್‌ನ ಲಾಂಛನವು ಕಲ್ಲುಕುಟಿಗರ ಮೂಲೆಮಟ್ಟ. ಕೆಲಸಗಾರನ ಉಪಕರಣವೇ ಅಧಿಕಾರಿಯ ಆಭರಣವಾಯಿತು! 1917ರಲ್ಲಿ ಅಮೆರಿಕಾದಲ್ಲಿ ಹುಟ್ಟಿದ ಲಯನ್ಸ್ ಕ್ಲಬ್ಬಿನ ಹಳದಿ ಅಂಗಿಯನ್ನು ನಮ್ಮ ಊರುಗಳಲ್ಲೂ ಕಾಣುತ್ತೇವೆ. ಅವರ ಸಂಪ್ರದಾಯ ಅವರಿಗಿರಲಿ. ಆದರೆ ನಮ್ಮವರು ಅದನ್ನು ಅನುಕರಿಸುವಾಗ, ನಮ್ಮದೇ ಇತಿಹಾಸದಲ್ಲಿ ಸಹೋದರ ಸಂಘಗಳು ಹೇಗಿದ್ದವು ಎಂದು ಒಮ್ಮೆಯಾದರೂ ನೋಡಬೇಕಲ್ಲವೇ?

ಅಬ್ಬಾಸಿ ಖಲೀಫ ಅಲ್-ನಾಸಿರ್ (ಆಳ್ವಿಕೆ 1180-1225) ಅವರ ಕಾಲದಲ್ಲಿ 'ಫುತುವ್ವ' ಎಂಬ ಸಹೋದರ ಸಂಘಗಳು ಪ್ರಬಲವಾಗಿದ್ದವು. ಅವುಗಳಿಗೂ ಒಂದು ವಿಶಿಷ್ಟ ಉಡುಪಿತ್ತು. ಹೊಸದಾಗಿ ಸೇರಿದವನಿಗೆ ಸೊಂಟಪಟ್ಟಿ ಕಟ್ಟಿ, ಷರಾಯಿ ತೊಡಿಸಲಾಗುತ್ತಿತ್ತು. ಸಮವಸ್ತ್ರವೇ ನಿಷಿದ್ಧವೆಂದು ನಾವು ಹೇಳುತ್ತಿಲ್ಲ ಎಂಬುದಕ್ಕೆ ಇದೇ ಸಾಕು. ಆದರೆ ಆ ಉಡುಪು ಸದಸ್ಯತ್ವದ ಗುರುತಾಗಿತ್ತು.

ಅದೇ ಪರಂಪರೆಯ ಅನಟೋಲಿಯಾದ 'ಅಖಿ'ಗಳ ಕುರಿತು 14ನೇ ಶತಮಾನದ ಯಾತ್ರಿಕ ಇಬ್ನ್ ಬತೂತ ಬರೆದಿರುವ ವೃತ್ತಾಂತ ನಮ್ಮ ಪ್ರತಿಯೊಬ್ಬ ಪದಾಧಿಕಾರಿಯೂ ಓದಬೇಕಾದುದು. ಅಂತಾಲ್ಯದಲ್ಲಿ ಹಳೆಯ ಬಟ್ಟೆ ತೊಟ್ಟ ಒಬ್ಬ ವ್ಯಕ್ತಿ ಅವರನ್ನೂ ಸಂಗಡಿಗರನ್ನೂ ಊಟಕ್ಕೆ ಕರೆಯುತ್ತಾನೆ. ಈ ಬಡವನಿಗೆ ನಮ್ಮನ್ನು ಸತ್ಕರಿಸುವ ಶಕ್ತಿ ಎಲ್ಲಿದೆ ಎಂದು ಇಬ್ನ್ ಬತೂತ ಮರುಗುತ್ತಾರೆ. ಆಗ ತಿಳಿಯುವುದೇನೆಂದರೆ, ಆತ ವೃತ್ತಿಯಲ್ಲಿ ಚರ್ಮ ಹೊಲಿಯುವವನು. ಸುಮಾರು 200 ಮಂದಿ ಕುಶಲಕರ್ಮಿಗಳು ಸೇರಿ ಆರಿಸಿದ ನಾಯಕ! ಅವರು ಅತಿಥಿಗಳಿಗಾಗಿ ತಂಗುದಾಣ ಕಟ್ಟಿಸಿದ್ದರು. ಹಗಲು ದುಡಿದುದನ್ನು ಇರುಳು ಅತಿಥಿಗಳಿಗಾಗಿ ವ್ಯಯಿಸುತ್ತಿದ್ದರು. ಆ ತಂಗುದಾಣದಲ್ಲಿ ಸಾಲಾಗಿ ನಿಂತ ಯುವಕರು ನಿಲುವಂಗಿ, ಬಿಳಿ ಉಣ್ಣೆಯ ಟೋಪಿ ಧರಿಸಿದ್ದರು. ಏಕರೂಪದ ಉಡುಪು ಸೇವೆಗೆ ನಿಂತವರ ಮೈಮೇಲಿತ್ತು, ಹಳೆಯ ಬಟ್ಟೆ ನಾಯಕನ ಮೈಮೇಲಿತ್ತು. ನಮ್ಮಲ್ಲಿ ಇದು ತಿರುವುಮುರುವಾಗಿದೆ: ಕೋಟು ವೇದಿಕೆಯ ಮೇಲೆ, ಬೆವರು ಅಡುಗೆಮನೆಯಲ್ಲಿ.

'ಕೋಟಿನ ಖರ್ಚನ್ನು ನಾವೇ ಭರಿಸುತ್ತೇವೆ, ಸಂಘದ ನಿಧಿಯನ್ನು ಮುಟ್ಟುವುದಿಲ್ಲ' ಎಂಬ ಸಮರ್ಥನೆ ಕೇಳಿಬರುತ್ತದೆ. ನಿಧಿಯನ್ನು ಮುಟ್ಟದಿರುವುದು ಒಳ್ಳೆಯದೇ. ಆದರೆ ಈ ಸಮರ್ಥನೆಯಲ್ಲೇ ದೊಡ್ಡ ಅಪಾಯವಿದೆ. ಕೋಟಿಗೆ ಮೂರು ಸಾವಿರ ರೂಪಾಯಿ ಎಂದಿಟ್ಟುಕೊಳ್ಳೋಣ. ಆ ಕ್ಷಣದಿಂದ ಹುದ್ದೆಗೆ ಮೂರು ಸಾವಿರ ರೂಪಾಯಿಯ ಪ್ರವೇಶಶುಲ್ಕ ನಿಗದಿಯಾಯಿತು. ಆಟೋ ಓಡಿಸುವ ಸಹೋದರ, ಮೀನು ಮಾರುವ ಸಹೋದರ ಕಾರ್ಯದರ್ಶಿಯಾಗಲು ಯೋಗ್ಯನಾಗಿದ್ದರೂ, 'ಬೇಡ, ನನಗೆ ಸಮಯವಿಲ್ಲ' ಎಂದು ನಯವಾಗಿ ಹಿಂದೆ ಸರಿಯುತ್ತಾನೆ. ನಿಜವಾದ ಕಾರಣವನ್ನು ಅವನು ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಮಹಿಳಾ ವಿಭಾಗದಲ್ಲಿ ಒಂದೇ ಬಣ್ಣದ ದುಬಾರಿ ಉಡುಪು ಕಡ್ಡಾಯವಾದಾಗಲೂ ಆಗುವುದು ಇದೇ.

'ಪ್ರವಾದಿ(ಸ)ರು ನಿಯೋಗಗಳನ್ನು ಭೇಟಿಯಾಗುವಾಗ ಉತ್ತಮ ಉಡುಪು ಧರಿಸುತ್ತಿರಲಿಲ್ಲವೇ?' ಎಂದು ಇನ್ನು ಕೆಲವರು ಕೇಳುತ್ತಾರೆ. ಶುಚಿಯಾದ, ಅಂದವಾದ ಉಡುಪಿಗೆ ನಮ್ಮ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಪ್ರತ್ಯೇಕತೆಗೆ. ಮರುಭೂಮಿಯಿಂದ ಬಂದ ಝಿಮಾಮ್ ಬಿನ್ ಸಅ್‌ಲಬ(ರ) ಮಸೀದಿಗೆ ಬಂದು, 'ನಿಮ್ಮಲ್ಲಿ ಮುಹಮ್ಮದ್ ಯಾರು?' ಎಂದು ವಿಚಾರಿಸಬೇಕಾಯಿತು. ಪ್ರವಾದಿ(ಸ)ರು ಸಹಾಬಿಗಳ ನಡುವೆಯೇ ಕುಳಿತಿದ್ದರು. ನೋಡಿದ ಕೂಡಲೇ ನಾಯಕನೆಂದು ಸಾರುವ ಉಡುಪೇನೂ ಅಲ್ಲಿರಲಿಲ್ಲ.

ಹಾಗಾದರೆ ಬ್ಯಾಡ್ಜ್ ಬೇಡವೇ? ಬೇಕು. ಮುದ್ರೆಯಿಲ್ಲದ ಪತ್ರವನ್ನು ಅರಸರು ಓದುವುದಿಲ್ಲವೆಂದು ತಿಳಿದಾಗ ಪ್ರವಾದಿ(ಸ)ರು ಬೆಳ್ಳಿಯ ಮುದ್ರೆಯುಂಗುರ ಮಾಡಿಸಿಕೊಂಡರು. ಗುರುತು ಕಾರ್ಯಕ್ಕಾಗಿ ಇತ್ತು. ಜನಾಂಗ, ಗೋತ್ರಗಳ ವ್ಯತ್ಯಾಸವೂ ಪರಸ್ಪರ ಪರಿಚಯಕ್ಕಾಗಿ ಎಂದು ಸೂರಃ ಅಲ್-ಹುಜುರಾತ್ ಕಲಿಸುತ್ತದೆ. ಸಭೆಗೆ ಬಂದ ವೃದ್ಧೆಗೆ ವಝೂ ಮಾಡುವ ಸ್ಥಳ ತಿಳಿಯಬೇಕು, ಮಗು ಕಾಣೆಯಾದ ತಾಯಿಗೆ ಯಾರನ್ನು ಕೇಳಬೇಕೆಂದು ಗೊತ್ತಾಗಬೇಕು. ಅವರಿಗೆ 'ಉಪಾಧ್ಯಕ್ಷ' ಎಂಬ ಚಿನ್ನದ ಅಕ್ಷರದಿಂದ ಪ್ರಯೋಜನವೇನು?

ಆದುದರಿಂದ ನಮ್ಮ ಸಂಘಟನೆಗಳ ಮುಂದೆ ಕೆಲವು ಬೇಡಿಕೆಗಳನ್ನು ಇಡುತ್ತೇವೆ. ಪದಾಧಿಕಾರಿಗಳು ತಮ್ಮಲ್ಲಿರುವ ಶುಚಿಯಾದ ಉಡುಪಿನಲ್ಲೇ ಬರಲಿ. ಬ್ಯಾಡ್ಜ್ ಅಧ್ಯಕ್ಷರಿಗೂ ಬಡಿಸುವವರಿಗೂ ಒಂದೇ ಅಳತೆ, ಒಂದೇ ಬಣ್ಣದ್ದಾಗಿರಲಿ. ಅದರಲ್ಲಿ ಹೆಸರು ದೂರದಿಂದಲೂ ಓದಬಹುದಾದ ಕನ್ನಡ ಅಕ್ಷರಗಳಲ್ಲಿರಲಿ. ಕೆಳಗೆ ಹುದ್ದೆಯ ಬದಲು ಹೊಣೆಯನ್ನು ಬರೆಯಲಿ: ಊಟ, ನೀರು, ವಾಹನ, ವಿದ್ಯಾರ್ಥಿವೇತನ. ಕಾರ್ಯಕ್ರಮ ಮುಗಿದ ಮೇಲೆ ಹೆಸರಿನ ಚೀಟಿ ತೆಗೆದು ಬ್ಯಾಡ್ಜ್‌ಗಳನ್ನು ಮರಳಿ ಪಡೆದು ಮುಂದಿನ ವರ್ಷಕ್ಕೆ ತೆಗೆದಿಡಲಿ.

ಹಜ್ಜ್‌ಗೆ ಹೋದಾಗ ಅರಸನೂ ಆಳೂ ಎರಡು ತುಂಡು ಹೊಲಿಗೆಯಿಲ್ಲದ ಬಿಳಿ ಬಟ್ಟೆಯಲ್ಲಿ ನಿಲ್ಲುತ್ತಾರೆ. ಆ ಸಮಾನತೆಯನ್ನು ಭಾಷಣಗಳಲ್ಲಿ ಕೊಂಡಾಡುವ ನಾವು, ನಮ್ಮ ಊರಿನ ಸಭಾಂಗಣದಲ್ಲಿ ಅದನ್ನು ಒಂದು ಸಂಜೆಯ ಮಟ್ಟಿಗಾದರೂ ಪಾಲಿಸಬಾರದೇ? ಈ ವರ್ಷದ ಪೂರ್ವಸಿದ್ಧತಾ ಸಭೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳನ್ನು ಮೊದಲು ತೆರೆಯೋಣ. ಕೋಟಿನ ಬಣ್ಣದ ಚರ್ಚೆ, ಸಮಯ ಉಳಿದರೆ ನೋಡೋಣ.