ಕಾಲಿಗೆ ಪ್ಲಾಸ್ಟರ್, ಮೀನಿಗೆ ನೀರು

ಸೋದರಿಯರೇ, ಕಾಲು ಮುರಿದು ಕೂತರೆ ರೊಟ್ಟಿ ಬಡಿಯಲು ನೆಗೆಣ್ಣಿ ಬರ್ತಾಳೆ, ಮೀನಿನ ತೊಟ್ಟಿ ನೋಡೋರು ಯಾರು? ಹಲಬರ್ಗಾದ ನಮ್ಮ ಮನೆಯಲ್ಲಿ ಈ ಬೇಸಿಗೆ ಅದೇ ಪಾಡು. "ಯಾರಿಗಾದರೂ ಕೊಟ್ಟುಬಿಡು" ಅಂದರು ನಮ್ಮವರು. ಕೊಡಲಿಲ್ಲ. ಆರು ವಾರ ಮಂಚದ ಮೇಲಿಂದ ನೋಡಲಿಕ್ಕೆ ಆ ಗಪ್ಪಿ ಮೀನು ಬಿಟ್ಟು ಇನ್ನೇನಿತ್ತು ಹೇಳಿ!

ಈ ಕೆಲಸದಲ್ಲಿ ಕಷ್ಟವೆಂದರೆ ನೀರಿನ ಭಾರ. 60 ಲೀಟರಿನ ತೊಟ್ಟಿಯಲ್ಲಿ ವಾರಕ್ಕೆ ಕಾಲುಭಾಗ ಬದಲಿಸಿದರೂ 15 ಕಿಲೋ ಆಯಿತು. ಊರುಗೋಲು ಹಿಡಿದವರು ಅದನ್ನು ಎತ್ತಕೂಡದು. ದಿನ ಬಿಟ್ಟು ದಿನ 4-5 ಲೀಟರ್ ತೆಗೆಯಿರಿ. ಕುರ್ಚಿಯಲ್ಲಿ ಕೂತು, ನೀರು ತುಂಬಿದ ರಬ್ಬರ್ ಪೈಪಿನ ಒಂದು ತುದಿ ತೊಟ್ಟಿಯಲ್ಲಿ, ಇನ್ನೊಂದು ಕೆಳಗಿನ ಬಕೆಟ್ಟಿನಲ್ಲಿ ಬಿಟ್ಟರೆ ನೀರು ತಾನೇ ಇಳಿಯುತ್ತದೆ. ಬಕೆಟ್ ಎತ್ತಲು ಮಕ್ಕಳನ್ನು ಕರೀರಿ. ನಳದ ನೀರನ್ನು ಹಿಂದಿನ ದಿನವೇ ಅಗಲ ಪಾತ್ರೆಯಲ್ಲಿ ಹಿಡಿದಿಡಿ, ಬ್ಲೀಚಿಂಗ್ ವಾಸನೆ ಹೋಗಲಿ. ಆಮೇಲೆ ತಂಬಿಗೆಯಿಂದ ಮೆಲ್ಲಗೆ ಹಾಕಿ. ಚೆಲ್ಲಿದ್ದನ್ನು ಒರೆಸದೆ ಮಾತ್ರ ಏಳಬೇಡ್ರಿ. ಒದ್ದೆ ಶಹಾಬಾದ್ ಕಲ್ಲಿನ ಮೇಲೆ ಊರುಗೋಲು ಜಾರಿದರೆ ಮತ್ತೆ ಪ್ಲಾಸ್ಟರೇ!

ಸಹಾಯಕ್ಕೆ ಬಂದವರು ಪ್ರೀತಿಯಿಂದ ತೊಟ್ಟಿ ಪೂರ್ತಿ ಖಾಲಿ ಮಾಡಿ ಸೋಪು ಹಚ್ಚಿ ತಿಕ್ಕಲು ಹೊರಡುತ್ತಾರೆ, ಬಿಡಬೇಡಿ. ಸ್ಪಂಜಿಗೆ, ಹರಳಿಗೆ ಅಂಟಿದ ಸೂಕ್ಷ್ಮಜೀವಿಗಳೇ ಮೀನಿನ ಹೊಲಸಿನ ವಿಷ ಕಳೆಯುವುದು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿದರಾಯಿತು. ಕಾಳು ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ದವಾಖಾನೆಗೆಂದು ಬೀದರಿಗೆ ಹೋಗಿ ಎರಡು ದಿನ ಉಳಿದರೂ ಬೆಳೆದ ಮೀನು ಉಪವಾಸಕ್ಕೆ ಸಾಯುವುದಿಲ್ಲ. ಮಿಕ್ಕ ಕಾಳು ಕೊಳೆತರೆ ಸಾಯುತ್ತದೆ. ಗಾಳಿ ಪಂಪನ್ನು ತೊಟ್ಟಿಯ ನೀರಿಗಿಂತ ಮೇಲಿಡಿ, ಕರೆಂಟ್ ಹೋದಾಗ ನೀರು ಅದರೊಳಗೆ ಹರಿಯದು.