ಬಿಸಿಲು ಕಾಯಿಸಿದ ನೀರು ಎಲ್ಲಿಗೆ ಹೋಯಿತು?



ಒಂದು ಡಿಸೆಂಬರ್ ಮುಂಜಾನೆ ಬಾಲಕಿಯರ ವಸತಿ ಶಾಲೆಯೊಂದಕ್ಕೆ ಹೋಗಿದ್ದೆ. ಚಾವಣಿಯ ಮೇಲೆ ಸೌರ ಜಲತಾಪಕ ಇತ್ತು. ಆದರೂ ಹಿತ್ತಲಿನಲ್ಲಿ ಸೌದೆ ಒಲೆಯ ಮೇಲೆ ಹಂಡೆ ಕಾಯುತ್ತಿತ್ತು. ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ ಹುಡುಗಿಯರು ಬಕೆಟ್ ಹಿಡಿದು ಸಾಲಿನಲ್ಲಿ ನಿಂತಿದ್ದರು. "ಸೋಲಾರ್ ನೀರು ಮೊದಲು ಎದ್ದವರಿಗೆ ಮಾತ್ರ ಟೀಚರ್, ನಮಗೆ ಬರೀ ತಣ್ಣೀರು" ಎಂದಳು ಆರನೇ ತರಗತಿಯ ಒಬ್ಬಳು. ಮೇಲೆ ಹತ್ತಿ ನೋಡಿದೆ. ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಅದರ ಮೇಲೆ ಯಾರೋ ಒಣಹಾಕಿದ ಎರಡು ಕಂಬಳಿ!

ಈ ಉಪಕರಣ ಬಹಳ ಸರಳ. ಕಪ್ಪು ಬಳಿದ ಲೋಹದ ಫಲಕ ಬಿಸಿಲನ್ನು ಹೀರುತ್ತದೆ. ಮೇಲಿನ ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. 1767ರಲ್ಲೇ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಇದನ್ನು ಪರೀಕ್ಷಿಸಿದ್ದರು. ಫಲಕದ ಕೊಳವೆಗಳಲ್ಲಿ ಕಾದ ನೀರು ಹಿಗ್ಗಿ, ಹಗುರವಾಗಿ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ತೊಟ್ಟಿಗೆ ಶಾಖನಿರೋಧಕ ಹೊದಿಕೆ ಇರುವುದರಿಂದ ಸಂಜೆಯ ಬಿಸಿನೀರು ಬೆಳಗಿನವರೆಗೂ ಬಿಸಿಯಾಗಿರುತ್ತದೆ. ನಾವು ಭೂಮಧ್ಯರೇಖೆಯ ಉತ್ತರಕ್ಕಿರುವುದರಿಂದ ಫಲಕ ದಕ್ಷಿಣಕ್ಕೆ ಮುಖಮಾಡಿರಬೇಕು.

ಈಗ ಲೆಕ್ಕ ಮಾಡೋಣ. ತೊಟ್ಟಿಯಲ್ಲಿ 500 ಲೀಟರ್ ನೀರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ. ನಲ್ಲಿಯ ನೀರು 20 ಡಿಗ್ರಿ. ಎರಡನ್ನೂ ಸಮವಾಗಿ ಬೆರೆಸಿದರೆ 40 ಡಿಗ್ರಿ, ಸ್ನಾನಕ್ಕೆ ಹದ. 15 ಲೀಟರಿನ ಬಕೆಟಿಗೆ ಏಳೂವರೆ ಲೀಟರ್ ಬಿಸಿನೀರು ಸಾಕು. ಅಂದರೆ 66 ಮಂದಿಗೆ ಸ್ನಾನ. ಒಳಬರುವ ತಣ್ಣೀರು ಬೆರೆಯುವುದರಿಂದ ಇದು ಸ್ವಲ್ಪ ಕಡಿಮೆಯಾದೀತು. ಆದರೆ ಬಕೆಟ್ ತುಂಬ ಬಿಸಿನೀರನ್ನೇ ಹಿಡಿದು ಆರಲಿ ಎಂದು ಇಟ್ಟರೆ 33 ಜನಕ್ಕೇ ಮುಗಿಯಿತು! ಇಷ್ಟೇ ನೀರನ್ನು ವಿದ್ಯುತ್ತಿನಿಂದ ಕಾಯಿಸಲು ಸುಮಾರು 23 ಯೂನಿಟ್ ಬೇಕು.

ಇನ್ನೊಂದು ಕಳ್ಳ ಕೊಳವೆಯೊಳಗಿದ್ದಾನೆ. 25 ಮಿಲಿಮೀಟರ್ ಒಳವ್ಯಾಸದ 20 ಮೀಟರ್ ಕೊಳವೆಯಲ್ಲಿ ಸುಮಾರು 10 ಲೀಟರ್ ನೀರು ನಿಂತಿರುತ್ತದೆ. ರಾತ್ರಿಯಿಡೀ ಆರಿದ ಆ ನೀರೇ ಮೊದಲು ಬರುವುದು. ಅದನ್ನು ಚರಂಡಿಗೆ ಬಿಡದೆ ಬಕೆಟಿಗೆ ಹಿಡಿಯಿರಿ, ಬೆರೆಸಲು ಅದೇ ತಣ್ಣೀರಾಯಿತು. ಕೊಳವೆಬಾವಿಯ ಗಡಸು ನೀರು ಇನ್ನೂ ಕೆಟ್ಟದ್ದು. ಹಂಡೆಯ ಒಳಗೆ ಕಟ್ಟುವ ಬಿಳಿ ಪದರ ಫಲಕದ ಸಣ್ಣ ಕೊಳವೆಗಳಲ್ಲೂ ಕಟ್ಟಿ ದಾರಿ ಮುಚ್ಚುತ್ತದೆ.

"ಸೋಲಾರ್ ನಮ್ಮಲ್ಲಿ ನಡೆಯಲ್ಲ" ಎನ್ನುವ ದೊಡ್ಡವರನ್ನು ಬಹಳ ಕಂಡಿದ್ದೇನೆ. ನಾನು ಒಪ್ಪುವುದಿಲ್ಲ. ಬಿಸಿಲಿಗೆ ಬರವಿಲ್ಲ, ಗಾಜು ಒರೆಸುವ, ಕೊಳವೆ ಶುಚಿಗೊಳಿಸುವ ಕೆಲಸಕ್ಕೆ ಯಾರನ್ನೂ ನೇಮಿಸಿಲ್ಲ, ಅಷ್ಟೇ. ಹೊಸ ಜಲತಾಪಕ ಕೇಳುವ ಮೊದಲು ಆ ಕೆಲಸಕ್ಕೆ ಒಬ್ಬರ ಹೆಸರು ಬರೆಯಬೇಕು. ಅದು ದೊಡ್ಡವರ ಕೆಲಸ, ನೀವು ಚಾವಣಿ ಹತ್ತಬೇಡಿ. ಯಾರಿಗೆ ಎಷ್ಟು ಚೊಂಬು ಎಂಬ ಲೆಕ್ಕ ಮಾತ್ರ ನಿಮ್ಮದೇ ಇರಲಿ.

ಜಡಿಮಳೆಯ ವಾರಗಳಲ್ಲಿ ಹಂಡೆ ಬೇಕು, ನಿಜ. ಡಿಸೆಂಬರಿನ ಬಿಸಿಲಿನಲ್ಲಿ ಏಕೆ? ಅಂದು ಕಂಬಳಿಗಳಿಗೆ ಬೇರೆ ಹಗ್ಗ ಕಟ್ಟಿಸಿಯೇ ಬಂದೆ.